ಎಂಟಕ್ಷರದ ಅಳಿಯ

ಕೇಳ್ರೆಪಾ ಕೇಳ್ರಿ, ನಡುವ ನಕ್ಕೀರಂದ್ರ ನಾ ಎದ್ದು ಹೋಗಾಂವ!

ಒಂದೂರಾಗ ನಿಂಬೆವ್ವ, ಆಕಿ ಪೆದ್ದ ಮಗ ದ್ಯಾಮ. ಅವನ ಮದಿವಿಗೆ ಇನ್ನ ನಾಕು ದಿನ ಇತ್ತು. ನಿಂಬೆವ್ವಗ ಕುಂತಲ್ಲಿ ಕುಂಡ್ರಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು. ಯಾಕ? ಬೀಗರ ಬಾಗಲದಾಗ ನಿಂತು ಅಳಿಯ ಒಡಪು, ಅಂದ್ರ ಎರಡು ಸಾಲಿನ ಪ್ರಾಸದ ಪದ, ಕಟ್ಟಿ ಹೆಂಡ್ತಿ ಹೆಸರು ಹೇಳಬೇಕು. ಆ ಊರಾಗ ಪದದ ಒಂದೊಂದು ಸಾಲಿಗೂ ಎಂಟೇ ಅಕ್ಷರ. ತಪ್ಪಿದ್ರ ಹೆಣ್ಣಿಲ್ಲ, ವಾಪಸ್ ನಡಿ!

"ದ್ಯಾಮಾ, ಹೆಬ್ಬೆರಳು ಬಿಟ್ಟು ಎಣಸು. ಅಕ್ಷರಕ್ಕೊಂದು ಬೆರಳು ಮಡಚು. ಎಂಟಾತು, ಬಾಯಿ ಮುಚ್ಚು. ಇವತ್ತಿಂದ ಹಂಗ ಮಾತಾಡಿ ರೂಢಿ ಮಾಡ್ಕೋ!"

"ಹೂಂನವ್ವಾ!"

ಹೊಲಕ್ಕ ಹೋದ. ಸೋದರಮಾವನ ಎಮ್ಮಿ ಬಾವ್ಯಾಗ ಬಿತ್ತು. ಓಡಿಬಂದು, ಬೆರಳು ಮಡಚಿಗೋಂತ ಒದರಿದ: "ಮಾವ, ಎಮ್ಮಿ ಬಾವ್ಯಾಗ ಬಿ..."

ಬೆರಳು ಮುಗುದ್ವು. ಬಾಯಿ ಮುಚ್ಚಿದ!

"ಬಿ ಏನೋ? ಹೇಳೋ!"

ದ್ಯಾಮ ಎರಡೂ ಮುಷ್ಟಿ ತೋರಿಸಿದ. ಎಮ್ಮಿ ಹೊಟ್ಟಿತುಂಬ ನೀರು ಕುಡೀತು.

ನಿಂಬೆವ್ವ ಬೈದಳು. "ಹುಚ್ಚಪ್ಯಾಲಿ! ಮಾತು ಸಣ್ಣದು ಮಾಡೋ! ಕಡಿಮಿ ಬಿತ್ತೋ, ಛಲೋ ಮಾತು ಹಾಕಿ ತುಂಬು!"

"ಹೂಂನವ್ವಾ!"

ಮರುದಿನ ಓಣ್ಯಾಗ ಒಬ್ಬ ಮುದುಕ ಸತ್ತ. ದ್ಯಾಮ ಮಾತಾಡ್ಸಾಕ ಹೋದ. "ಅಜ್ಜ ಸತ್ತ..." ನಾಕೇ ಬೆರಳು! ನಾಕು ಕಡಿಮಿ! "ಅಜ್ಜ ಸತ್ತ, ಭಾಳ ಚಂದ!"

ಹೆಣ ಬಿಟ್ಟು ಎಲ್ಲಾರೂ ಎದ್ದು ಬಡದ್ರು.

"ಮಾನ ಕಳದ್ಯಲ್ಲೋ!" ನಿಂಬೆವ್ವ ಹಣಿ ಬಡ್ಕೊಂಡು ಅತ್ತಳು. "ಮನಿ ನೋಡಿ, ಮಂದಿ ನೋಡಿ, ಅಲ್ಲಿಗೆ ಹೊಂದೂ ಮಾತು ಹಾಕೋ!"

"ಹೂಂನವ್ವಾ!"

ಒಡಪು ಆಕೀನೇ ಕಟ್ಟಿದಳು, ಹೆಸರಿನ ಜಾಗಾ ಬಿಟ್ಟು ರಾತ್ರಿ ಹಗಲು ಬಾಯಿಪಾಠ ಮಾಡಿಸಿದಳು. ಗಡಿಬಿಡ್ಯಾಗ ಹುಡುಗಿ ಹೆಸರು ಎಣಸೂದ ಮರತಳು! ಹುಡುಗಿ ಹೆಸರು ಚನ್ನಬಸವ್ವ, ಐದಕ್ಷರ; ಉಳಿದ ಜಾಗಾ ಮೂರಕ್ಕ!

ಮದಿವಿ ದಿನ ಬಂತು. ಬಾಗಲದಾಗ ಹುಡುಗ್ಯಾರು ಅಡ್ಡ ನಿಂತರು. "ಹೆಸರು ಹೇಳ್ರಿ, ಒಳಗ ಬರ್ರಿ!"

ದ್ಯಾಮ ಸುರು ಮಾಡಿದ. "ತುಪ್ಪ ನೀಡ್ಯಾಳ ನಮ್ಮವ್ವ..." ಎಂಟು! ನಿಂಬೆವ್ವ ಉಸರು ಬಿಟ್ಟಳು. "ನನ್ನ ಮಡದಿ ಚನ್ನಬ..." ಬೆರಳು ಮುಗುದ್ವು!

"ಪೂರಾ ಹೇಳ್ರಿ! ಅಕ್ಷತಿ ಬೀಳೂ ಹೊತ್ತಾತು!"

ದ್ಯಾಮ ಅವ್ವನ ಮಾತು ನೆನಸಿದ. ಮನಿ ನೋಡಿದ. ಮಂದಿ ನೋಡಿದ. ಕಟ್ಟಿ ಮ್ಯಾಲ ಹುಡುಗಿ ಅಜ್ಜಿ ಎಲಿಅಡಿಕಿ ಕುಟ್ಟಾಕ ಹತ್ತಿದ್ದಳು. ಎಂಬತ್ತು ವರ್ಷ, ಬಾಯಾಗ ಹಲ್ಲಿಲ್ಲ. ಯಾರೋ ಆ ಅಜ್ಜಿಗೆ "ಗಂಗವ್ವಾ, ಕಾಲು ಸರಸಬೇ" ಅಂದ್ರು. ದ್ಯಾಮನ ಮಾರಿ ಅರಳಿತು.

"ತುಪ್ಪ ನೀಡ್ಯಾಳ ನಮ್ಮವ್ವ, ನನ್ನ ಮಡದಿ ಗಂಗವ್ವ!" ಎರಡೂ ಮುಷ್ಟಿ ಎತ್ತಿದ. "ಎಂಟವ್ವಾ, ಎಂಟು! ಒಂದೂ ಹೆಚ್ಚಿಲ್ಲ!"

ನಿಂಬೆವ್ವ ಅಲ್ಲೇ ಕುಸುದು ಕುಂತಳು.

ಅಜ್ಜಿ ಕುಟ್ಟೂದು ನಿಲ್ಲಿಸಿ ಬೆರಳು ಮಡಚಿದಳು. ಮತ್ತೊಮ್ಮೆ ಮಡಚಿದಳು.

"ಲೆಕ್ಕ ಬರೋಬ್ಬರಿ ಐತಿ! ಹುಡುಗನ್ನ ಒಳಗ ಬಿಡ್ರೆವ್ವಾ. ಮತ್ತ ನನಗೊಂದು ಮದಿವಿ ಹಸರು ಸೀರಿ ತರ್ರಿ, ಲಗೂನ!"