ಕತ್ತು ನಿಲ್ಲುವವರೆಗೆ

"ಗುರುಗಳೇ, ಎಲ್ಲರಿಗೂ ಒಂದೇ ನಿಯಮ ಹಾಕಿ, ಅದನ್ನು ತಪ್ಪದೆ ನಡೆಸುವವನು ನ್ಯಾಯವಂತನೇ ಅಲ್ಲವೇ?" ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನ ಕೈಯಲ್ಲಿ ಒಂದು ಅರ್ಜಿ ಇತ್ತು. ಮಠದ ಶಾಲೆಯಲ್ಲಿ ಪಾಠ ಹೇಳುವ ಹೆಂಗಸೊಬ್ಬಳು ಹೆರಿಗೆ ರಜೆಯನ್ನು ಇನ್ನೆರಡು ತಿಂಗಳು ಮುಂದುವರಿಸಬೇಕೆಂದು ಬರೆದುಕೊಂಡಿದ್ದಳು. ಶಾಲೆಯ ಆಡಳಿತ ನೋಡಿಕೊಳ್ಳುತ್ತಿದ್ದವನು ಈ ಶಿಷ್ಯನೇ. ಅರ್ಜಿಯ ಕೆಳಗೆ 'ಸಾಧ್ಯವಿಲ್ಲ' ಎಂದು ಬರೆದಾಗಿತ್ತು, ಸಹಿಯೊಂದು ಬಾಕಿ. ಆದರೆ ಬೆಳಗಿನಿಂದ ಮನಸ್ಸು ಯಾಕೋ ಕೊರೆಯುತ್ತಿತ್ತು. ಗುರುಗಳು ಒಮ್ಮೆ ಹೌದು ಎಂದುಬಿಟ್ಟರೆ ಸಹಿ ಹಾಕಿ ನಿರಾಳವಾಗಬಹುದೆಂದು ಬಂದಿದ್ದ.

ಗುರುಗಳು ಅರ್ಜಿಯ ಕಡೆ ನೋಡಲಿಲ್ಲ. ಕತೆ ಹೇಳಿದರು.

ಒಬ್ಬ ಸಾಹುಕಾರನಿದ್ದ. ರೇಷ್ಮೆ ಹುಳು ಸಾಕುತ್ತಿದ್ದ. ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಇದ್ದುಬಿಡುತ್ತದೆ. ಹಳೆಯ ಚರ್ಮ ಕಳಚಿಕೊಂಡು ಏಳುತ್ತದೆ. ಸಾಕುವವರು ಅದಕ್ಕೆ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಹೋದಾಗ ಸಾಹುಕಾರನ ನಡಿಗೆಯೇ ಬದಲಾಗುತ್ತಿತ್ತು. ಚಪ್ಪಲಿಯನ್ನು ಅಂಗಳದಾಚೆಗೇ ಬಿಟ್ಟು ಬರುತ್ತಿದ್ದ. ಪಕ್ಕದ ಮನೆಯವರು ಮೆಣಸಿನಕಾಯಿ ಹುರಿದರೆ, ಘಾಟು ಹುಳುವಿಗೆ ತಾಗದಿರಲೆಂದು ಹೋಗಿ ಕೈಮುಗಿಯುತ್ತಿದ್ದ. ತಟ್ಟೆಯಲ್ಲಿ ಮುಕ್ಕಾಲು ಪಾಲು ಹುಳು ಎದ್ದರೂ ಸೊಪ್ಪು ಹಾಕಿಸುತ್ತಿರಲಿಲ್ಲ. ಹಿಂದೆ ಬಿದ್ದವೂ ಏಳಲಿ, ಅವಕ್ಕೂ ಹೊತ್ತು ಬೇಕು ಎನ್ನುತ್ತಿದ್ದ. ಊರಲ್ಲಿ ಅವನಿಗೆ ಕರುಣೆಯ ಮನುಷ್ಯ ಎಂದೇ ಹೆಸರು. ಸುಳ್ಳು ಹೆಸರೇನಲ್ಲ.

ಅವನ ಹುಳುಮನೆಯಲ್ಲಿ ಹೊಂಬಾಳಮ್ಮ ಎಂಬ ಹೆಂಗಸು ಕೆಲಸಕ್ಕಿದ್ದಳು. ಯಾವ ತಟ್ಟೆ ಜ್ವರಕ್ಕೆ ಹೋಯಿತು, ಯಾವುದು ಎದ್ದಿತು ಎಂದು ಅವಳಷ್ಟು ಸರಿಯಾಗಿ ಹೇಳುವವರು ಇರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷಕ್ಕೆ ಅವಳಿಗೊಂದು ಹೆಣ್ಣು ಕೂಸಾಯಿತು, ಅದೂ ದಿನ ತುಂಬುವ ಮೊದಲೇ. ಸಾಹುಕಾರ ಹೆತ್ತವರಿಗೆಲ್ಲ ಮೂರು ತಿಂಗಳು ರಜ ಕೊಡುತ್ತಿದ್ದ, ಅವಳಿಗೂ ಕೊಟ್ಟ. ಮೂರು ತಿಂಗಳು ಮುಗಿದ ದಿನ ಅವಳು ಕೂಸನ್ನು ಎತ್ತಿಕೊಂಡು ಬಂದು ನಿಂತಳು. ವಾಲುವ ತಲೆಗೆ ಅಂಗೈ ಆನಿಸಿ ಹಿಡಿದಿದ್ದಳು.

"ಯಜಮಾನ್ರೇ, ಇದ್ರ ಕತ್ತು ಇನ್ನೂ ನಿಂತಿಲ್ಲ. ನಾನು ಬಿಟ್ರೆ ಬೇರೆಯವ್ರಿಗೆ ಹಾಲು ಕುಡಿಸೋಕೆ ಆಗಾಕಿಲ್ಲ. ಕತ್ತು ನಿಲ್ಲೋಗಂಟ ರಜ ಕೊಡಿ, ಇನ್ನೆರಡು ತಿಂಗ್ಳು. ಕೂಲಿ ಬ್ಯಾಡ, ಕೆಲ್ಸ ಒಂದು ಉಳಿಸಿ."

"ನೋಡವ್ವ, ಎಲ್ರಿಗೂ ಮೂರು ತಿಂಗ್ಳು ಕೊಟ್ಟಿವ್ನಿ. ನಿಂಗೊಬ್ಬಳಿಗೆ ಐದು ಕೊಟ್ರೆ ಮಿಕ್ಕೋರ್ಗೆ ಏನು ಹೇಳ್ಲಿ? ಮನೇಲಿ ನಿಮ್ಮತ್ತೆ ಅವ್ರೆ, ನೋಡ್ಕೋತಾರೆ."

ಅವನ ಮಾತಿನಲ್ಲಿ ಗಡಸು ಇರಲಿಲ್ಲ. ಕೂಸಿನ ಕೆನ್ನೆ ಸವರಿಯೇ ಕಳಿಸಿದ. ಆ ಕೆಲಸ ಹೋದರೆ ಹೊಂಬಾಳಮ್ಮನ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ. ಮರುದಿನದಿಂದ ಬಂದಳು.

ಆ ವಾರವೇ ಹುಳು ಎರಡನೇ ಜ್ವರಕ್ಕೆ ಹೋದವು. ಹೊಂಬಾಳಮ್ಮ ಒಳಗಿದ್ದಳು, ಬಾಗಿಲು ಮುಚ್ಚಿತ್ತು. ಮಧ್ಯಾಹ್ನ ಅವಳ ಅತ್ತೆ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡೋಡಿ ಬಂದಳು. ಬೆಳಗ್ಗೆ ಒಳಲೆಯಲ್ಲಿ ಕುಡಿಸುವಾಗ ಕತ್ತು ವಾಲಿ ಹಾಲು ನೆತ್ತಿಗೆ ಹತ್ತಿತ್ತು; ಆಗಿನಿಂದ ಕೂಸಿನ ಉಸಿರು ಗೊರಗೊರ ಎನ್ನುತ್ತಿತ್ತು. ಬಾಗಿಲಲ್ಲಿ ಕೂತಿದ್ದ ಸಾಹುಕಾರ ತುಟಿಯ ಮೇಲೆ ಬೆರಳಿಟ್ಟ. ಮುದುಕಿಯೂ ಹುಳು ಸಾಕಿಯೇ ಮುದುಕಿಯಾದವಳು. ಬೆರಳು ಕಂಡದ್ದೇ ಅವಳ ದನಿ ತಾನಾಗಿ ಇಳಿಯಿತು. "ಕೂಸು ಯಾಕೋ ಒಂಥರಾ ಮಾಡ್ತದೆ" ಎಂದು ಪಿಸುಗುಟ್ಟಿದಳು. ಪಿಸುಗುಟ್ಟಿದ ಸಂಕಟ ಸಾಹುಕಾರನಿಗೆ ಸಣ್ಣದಾಗಿಯೇ ಕೇಳಿಸಿತು.

"ಮೆಲ್ಲಗವ್ವ, ಹುಳ ಜ್ವರದಲ್ಲಿ ಅವೆ. ಈಗ ಬಾಗಿಲು ತೆಗೆದ್ರೆ ಗಾಳಿ ನುಗ್ತದೆ. ಹೊತ್ತಿಳಿಯೋದ್ರೊಳಗೆ ಏಳ್ತವೆ, ಕೂತ್ಕೋ."

ಮುದುಕಿ ಮೆಟ್ಟಿಲ ಮೇಲೆ ಕೂತಳು. ತೊಡೆಯ ಮೇಲೆ ಕೂಸು, ಬಾಗಿಲ ಆಚೆ ತಾಯಿ. ಸ್ವಲ್ಪ ಹೊತ್ತಿಗೆ ಗೊರಗೊರ ನಿಂತಿತು. ಮಲಗಿತು, ಸದ್ಯ, ಎಂದುಕೊಂಡ ಸಾಹುಕಾರ. ಹೊತ್ತು ಇಳಿಯುವಾಗ ಕಡೆಯ ಹುಳುವೂ ಎದ್ದಿತು. ಬಾಗಿಲು ತೆರೆಯಿತು. ಕೂಸು ಏಳಲಿಲ್ಲ.

ಸಾಹುಕಾರ ಅತ್ತ. ನಿಜವಾಗಿಯೇ ಅತ್ತ. ಎಷ್ಟು ತಿಂಗಳು ಬೇಕಾದರೂ ಮನೆಯಲ್ಲಿರವ್ವ ಎಂದ. ಹೊಂಬಾಳಮ್ಮ ನಾಲ್ಕನೇ ದಿನವೇ ಕೆಲಸಕ್ಕೆ ಬಂದಳು. ರಜ ಹಾಕಿ ಮನೆಯಲ್ಲಿ ಮಾಡಲು ಅವಳಿಗೆ ಏನೂ ಉಳಿದಿರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ಅರ್ಜಿಯ ಕಡೆ ನೋಡಿದ. ಕೈಯಲ್ಲಿದ್ದ ಅರ್ಜಿಯಲ್ಲಿ ಆ ಹೆಂಗಸು ಏನು ಕಾರಣ ಬರೆದಿದ್ದಳು? ಅವನಿಗೆ ನೆನಪಾಗಲಿಲ್ಲ. ಓದಿದ್ದರಲ್ಲವೇ ನೆನಪಾಗಲು! ಮೇಲಿನ ತಾರೀಖು ನೋಡಿ, ಕೆಳಗೆ 'ಸಾಧ್ಯವಿಲ್ಲ' ಎಂದು ಬರೆದಿದ್ದ. ಆದರೂ ಹಿಡಿದುಕೊಳ್ಳಲು ಅವನಿಗೆ ಏನಾದರೊಂದು ಬೇಕಿತ್ತು.

"ಆದರೆ ಗುರುಗಳೇ, ಸಾಹುಕಾರ ನಿಯಮ ತಪ್ಪಲಿಲ್ಲ. ಕರುಣೆಯೂ ಇದ್ದವನು. ಹಾಗಾದರೆ ತಪ್ಪು ಯಾರದು?"

"ಆ ಕೂಸಿನದೇ," ಎಂದರು ಗುರುಗಳು, "ಹುಳುವಾಗಿ ಹುಟ್ಟಲಿಲ್ಲವಲ್ಲ."