ಹೊಟ್ಟೆಗೆ ಕಟ್ಟಿದ ಸೀರೆ

ಆಗಸ್ಟ್ ಒಂಬತ್ತು, ಬೆಳಗಿನ ಏಳು ಗಂಟೆ. ಡಾಕ್ಟರ್ ಇಂದುಮತಿ, ತನಗೆ ವೈದ್ಯಶಾಸ್ತ್ರ ಕಲಿಸಿದ ಭಾಗೀರಥಮ್ಮನವರ ಎದುರು ಕುಳಿತು ಕೇಳಿದಳು: “ಮೇಡಂ, ಅಪರೂಪದ ರೋಗವೊಂದು ತಡವಾಗಿ ಪತ್ತೆಯಾದರೆ ಅದು ವೈದ್ಯರ ತಪ್ಪೇ?” ರೋಗಿ ಯಾರೆಂದು ಹೇಳಲಿಲ್ಲ.

ಗುರುಗಳು ಕತೆಯೊಂದನ್ನು ಹೇಳಿದರು.

“ಒಬ್ಬ ಬಾಣಂತಿ. ತಾಯಿಯಿಲ್ಲದವಳು, ಬಾಣಂತನವೆಲ್ಲ ಅತ್ತೆಯದೇ. ಜ್ವರ ಬಿಡದೆ ಆಸ್ಪತ್ರೆ ಸೇರಿದಳು. ಎಡ ಭುಜ ನೋಯುತ್ತದೆ ಎಂದಳು. ಮಗುವನ್ನು ಎತ್ತಿಕೊಂಡ ನೋವೆಂದು ವೈದ್ಯೆ ತಿಳಿದಳು. ಹೊಟ್ಟೆ ನೋಡಹೋದರೆ, ಅದು ಇಳಿಯಲೆಂದು ಎದೆಯ ಕೆಳಗಿನಿಂದ ಸೊಂಟದವರೆಗೆ ಹಳೆಯ ಸೀರೆಯನ್ನು ಬಿಗಿದು ಕಟ್ಟಿದ್ದರು.

‘ನಂದು ದನ ಕಟ್ಟೋ ಗಂಟು, ಡಾಕ್ಟ್ರಮ್ಮ. ನಿಮ್ಮ ಕೈಗೆ ಬರಲ್ಲ. ಬಿಚ್ಚಿಕೊಡ್ಲಾ?’ ಎಂದಳು ಅತ್ತೆ.

‘ಇರ್ಲಿ ಬಿಡಿ ಅಜ್ಜಿ, ರಕ್ತದ ರಿಪೋರ್ಟ್ ಬರಲಿ.’ ”

ಇಂದುಮತಿ ಬೆಚ್ಚಿದಳು. ಅದು ಅವಳದೇ ವಾರ್ಡು, ಅವಳದೇ ಮಾತು. ಗುರುಗಳು ಅವಳತ್ತ ನೋಡದೆ ಮುಂದುವರಿಸಿದರು.

“ವೈದ್ಯೆ ಮಲೇರಿಯಾ ಎಂದಳು, ಟೈಫಾಯ್ಡ್ ಎಂದಳು. ದಿನವೂ ಬಟ್ಟೆಯ ಮೇಲೆಯೇ ಕೈಯಾಡಿಸಿದಳು. ಆರನೆಯ ದಿನ ಮೈ ಒರೆಸಲೆಂದು ಆಯಾ ಅದನ್ನು ಬಿಚ್ಚಿದಾಗ ಆಯಾಳ ಕೈ ಎಡ ಪಕ್ಕೆಯ ಕೆಳಗೆ ತಗುಲಿತು. ಬಾಣಂತಿ ಕಿರುಚಿದಳು. ಸ್ಕ್ಯಾನ್ ಮಾಡಿದರೆ ಗುಲ್ಮದ, ಅಂದರೆ ಸ್ಪ್ಲೀನಿನ, ತುಂಬ ಕೀವು; ವೈದ್ಯೆ ಅದುವರೆಗೆ ಪುಸ್ತಕದಲ್ಲಷ್ಟೇ ಓದಿದ್ದ ರೋಗ. ಭುಜದ ನೋವಿನ ಮೂಲವೂ ಅದೇ. ಸೂಜಿ ಚುಚ್ಚಿ, ನಳಿಗೆಯಿಟ್ಟು ಕೀವು ತೆಗೆದರು. ಜ್ವರ ಎರಡು ದಿನ ಇಳಿದು ಮತ್ತೆ ಏರಿತು. ಕೀವು ಹಲವು ಕಡೆ ಗೂಡು ಕಟ್ಟಿತ್ತು. ಗುಲ್ಮವನ್ನೇ ತೆಗೆಯಬೇಕಾಯಿತು. ಬಾಣಂತಿ ಬದುಕಿದಳು.

ಮೊದಲೇ ಯಾಕೆ ಗೊತ್ತಾಗಲಿಲ್ಲ ಎಂದು ಅವಳ ಗಂಡ ಕೇಳಿದ. ನಿಮ್ಮ ತಾಯಿ ಹಾಗೆ ಬಿಗಿದು ಕಟ್ಟಿದ್ದರು ಎಂದಳು ವೈದ್ಯೆ. ಅಂದಿನಿಂದ ಅವನು ತಾಯಿಯ ಕೈಗೆ ಮಗುವನ್ನು ಕೊಟ್ಟಿಲ್ಲ. ನಿನ್ನೆ ಆ ಮುದುಕಿ ಇಲ್ಲಿಗೆ ಬಂದಿದ್ದಳು. ಬಟ್ಟೆ ಕಟ್ಟಿದರೆ ಒಳಗೆ ಕೀವಾಗುತ್ತದೆಯೇ ಎಂದು ಕೇಳಿದಳು. ಆಗುವುದಿಲ್ಲ ಎಂದೆ.”

ಇಂದುಮತಿ ಕೇಳಿದಳು: “ಬಿಚ್ಚಿಕೊಡಲೇ ಎಂದು ತಾನು ಕೇಳಿದ್ದನ್ನು ಅವಳು ಮಗನಿಗೆ ಹೇಳಲಿಲ್ಲವೇ?”

“ಹೇಳಿದರೆ ಡಾಕ್ಟ್ರಮ್ಮನ ಹೆಸರು ಕೆಡುತ್ತದಂತೆ.”

ಇಂದುಮತಿ ಆ ಮನೆಗೆ ಹೋಗಿ, ಮಗನ ಎದುರಿನಲ್ಲಿ, ತಪ್ಪು ತನ್ನದೆಂದು ಹೇಳಲು ನಿರ್ಧರಿಸಿದಳು.