ಇಳಿಗುಡ್ಡದ ಶಿಲುಬೆ

ಕೃಷ್ಣೆ ತುಂಗಭದ್ರೆಯರ ನಡುವಿನ ಎರೆನೆಲದಲ್ಲಿ ನೆಗ್ಗಿಲದಿನ್ನಿ ಎಂಬ ಊರಿದೆ. ಅದರ ಪಡುವಣಕ್ಕೆ, ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ನಿಂತ ಗುಡ್ಡವನ್ನು ಜನ ಇಳಿಗುಡ್ಡ ಎನ್ನುತ್ತಾರೆ. ಕಾದ ಕಲ್ಲಿನ ಮೇಲೆ ಏದುಸಿರು ಬಿಡುತ್ತ ಹತ್ತುವವರಿಗೆ ಈ ಹೆಸರು ವಿಚಿತ್ರವೆನಿಸುತ್ತದೆ. ಕೇಳಿದರೆ ಊರ ಹಿರಿಯರು ಉಪದೇಶಿ ಇನ್ನಾಸಪ್ಪನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ, ಯೇಸುವಿನ ಪುನರುತ್ಥಾನದ ಪಾಸ್ಕ ಹಬ್ಬಕ್ಕೆ ಮಾತ್ರ ಗುರುಗಳು ಕುದುರೆಯೇರಿ ಬರುತ್ತಿದ್ದ ಕಾಲದಲ್ಲಿ, ಊರಿನ ಕ್ರೈಸ್ತರಿಗೆ ಜಪ ಕಲಿಸಿ ಪಾಪನಿವೇದನೆಗೆ ಸಿದ್ಧಪಡಿಸುವ ಹೊಣೆ ಇನ್ನಾಸಪ್ಪನದಾಗಿತ್ತು. ಹಬ್ಬಕ್ಕೆ ಮುಂಚಿನ ನಲವತ್ತು ದಿನಗಳ ತಪಸ್ಸುಕಾಲ ಬಂತೆಂದರೆ ಅವನು ಒಪ್ಪೊತ್ತು ಉಂಡು, ಬರಿ ನೆಲದ ಮೇಲೆ ಮಲಗಿ ಸೊರಗಿಹೋಗುತ್ತಿದ್ದ. ಅವನ ಉಪವಾಸಕ್ಕೆ ನೆರೆಯೂರಿನವರೂ ಕೈಮುಗಿಯುತ್ತಿದ್ದರು. ಆದರೆ ಅವನ ಎದೆಯಲ್ಲೊಂದು ಮುಳ್ಳು ಮುರಿದುಕೊಂಡಿತ್ತು. ಜಪದ ಗುಡಿಯ ದೀಪದೆಣ್ಣೆ ಕಡಿಮೆಯಾದದ್ದನ್ನು ಕಂಡು, ಅಲ್ಲಿ ಕಸ ಗುಡಿಸುತ್ತಿದ್ದ ವಿಧವೆ ಜ್ಞಾನಮ್ಮನನ್ನು ಅವನು ತುಂಬಿದ ಸಭೆಯಲ್ಲಿ ಕಳ್ಳಿ ಎಂದಿದ್ದ. ಆಮೇಲೆ ಎಣ್ಣೆಯ ಗಡಿಗೆ ಎತ್ತಿ ನೋಡಿದರೆ ತಳ ಸೀಳಿ ಎಣ್ಣೆಯೆಲ್ಲ ಮಣ್ಣಿಗಿಳಿದಿತ್ತು. ನಿಜ ಹೇಳಿದರೆ ನಾಳೆ ತನ್ನ ಮಾತು ಯಾರು ಕೇಳುತ್ತಾರೆಂಬ ಅಂಜಿಕೆಗೆ ಗಡಿಗೆಯನ್ನು ಹಳ್ಳಕ್ಕೆಸೆದು ಸುಮ್ಮನಾದ. ಜ್ಞಾನಮ್ಮ ಗುಡಿಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು.

ಆ ವರ್ಷದ ಶುಭ ಶುಕ್ರವಾರ ಗುಡ್ಡದ ನೆತ್ತಿಯಲ್ಲಿ ಶಿಲುಬೆ ನೆಡುವುದೆಂದಾಯಿತು. ಜಾಲಿಮರದ ಆ ಭಾರವನ್ನು ತಾನೊಬ್ಬನೇ ಹೊರುತ್ತೇನೆಂದು ಇನ್ನಾಸಪ್ಪ ಹಟ ಹಿಡಿದ. ಗುರುಗಳೂ ಜನರೂ ಹಾಡುತ್ತ ಹಿಂಬಾಲಿಸಿದರು. ಅರ್ಧ ದಾರಿಯಲ್ಲಿ ಕಾಲು ಸೋತು ನಿಂತಾಗ ಯಾರೋ ನೀರಿನ ತಂಬಿಗೆ ಚಾಚಿದರು. ಕತ್ತೆತ್ತಿದರೆ ಜ್ಞಾನಮ್ಮ! ಅವನು ಕೈ ನೀಡಲಾರದೆ ತಡೆದ. ಅವಳು ತಂಬಿಗೆಯನ್ನು ಬಂಡೆಯ ಮೇಲಿಟ್ಟು, “ಕಳ್ಳಿ ಕೈಯಾನ ನೀರು ಬ್ಯಾಡಾದ್ರ ಚೆಲ್ಲಿಬಿಡ್ರಿ, ಉಪದೇಶಿಗಳ,” ಎಂದು ಇಳಿದು ಹೋದಳು.

ಇನ್ನಾಸಪ್ಪ ಮೆಲ್ಲಗೆ ಶಿಲುಬೆ ಕೆಳಗಿಟ್ಟ. ದಣಿವಾಯಿತೇ ಎಂದು ಗುರುಗಳು ಕೇಳಿದರು. “ದಣಿವಲ್ಲ ಸ್ವಾಮಿ. ಇದನ್ನ ಹೊರಾಕ ನಾ ತಯಾರಾಗಿಲ್ಲ,” ಎಂದವನೇ ಬೆರಗಾಗಿ ನಿಂತ ಜನರ ನಡುವೆ ಹಾದು ಇಳಿಯತೊಡಗಿದ. ಕಷ್ಟಪಟ್ಟು ಹತ್ತಿದ ದಾರಿಗಿಂತ ಆ ಇಳಿಜಾರೇ ಅವನಿಗೆ ಕಡಿದಾಗಿ ಕಂಡಿತು ಎನ್ನುತ್ತಾರೆ. ಜ್ಞಾನಮ್ಮನ ಗುಡಿಸಲ ಮುಂದೆ ಮೊಣಕಾಲೂರಿ ಗಡಿಗೆಯ ವಿಷಯ ಹೇಳಿ ಕ್ಷಮೆ ಕೇಳಿದ.

“ಮಂದಿ ಮುಂದ ಕಳ್ಳಿ ಅಂದ್ರಿ,” ಎಂದಳು ಅವಳು. “ಇಲ್ಲಿ ನನ್ನ ಕಿವ್ಯಾಗ ಹೇಳಿದ್ರ ಹ್ಯಾಂಗ?”

ಇನ್ನಾಸಪ್ಪ ಮತ್ತೆ ಗುಡ್ಡ ಹತ್ತಿದ. ಅವಳು ಹಿಂದೆ ನಡೆದಳು. ಎಲ್ಲರ ಮುಂದೆ ತನ್ನ ಸುಳ್ಳನ್ನು ಏನೂ ಮುಚ್ಚಿಡದೆ ಬಿಚ್ಚಿಟ್ಟ. ಜ್ಞಾನಮ್ಮ ತಂಬಿಗೆಯನ್ನೆತ್ತಿ ಅವನ ಬೊಗಸೆಗೆ ನೀರು ಹೊಯ್ದಳು. ಅವನು ಗಟಗಟ ಕುಡಿದ. ಇನ್ನು ನೆತ್ತಿಗೆ ಹೋಗೋಣವೇ ಎಂದು ಯಾರೋ ಕೇಳಿದರು. ಗುರುಗಳು ಬೇಡವೆಂದು ತಲೆಯಾಡಿಸಿ, ಅಲ್ಲೇ ಶಿಲುಬೆಗೆ ಗುಂಡಿ ತೋಡಿಸಿದರು.

ಇಂದಿಗೂ ಶಿಲುಬೆ ಇರುವುದು ನಡುದಾರಿಯಲ್ಲೇ, ನೆತ್ತಿ ಬೋಳಾಗಿದೆ. ತಪಸ್ಸುಕಾಲದಲ್ಲಿ ಹೋದವರು ಒಂದು ನೋಟ ಕಾಣುತ್ತಾರೆ: ಹಾಡುತ್ತ ಹತ್ತುವ ಗುಂಪಿನಿಂದ ಯಾರೋ ಒಬ್ಬರು ಥಟ್ಟನೆ ನಿಂತು, ಹಿಂತಿರುಗಿ ಊರ ಕಡೆ ಇಳಿಯುತ್ತಾರೆ. ಉಳಿದವರು ಏಕೆಂದು ಕೇಳುವುದಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ.